ಒಂದು ಪುಟದ ಸುಳ್ಳು

ಮುಂಬಯಿಯ ನಮ್ಮ ಬಳಗದಲ್ಲಿ ಪ್ರತಿವರ್ಷವೂ ನಡೆಯುವ ಸಂಗತಿಯಿದು. ಕಂಪ್ಯೂಟರ್ ವಿಜ್ಞಾನ ಓದುತ್ತಿರುವ ಹುಡುಗನೋ ಹುಡುಗಿಯೋ ಬ್ಯಾಂಕಿನಲ್ಲೋ ಷೇರು ದಲ್ಲಾಳಿ ಸಂಸ್ಥೆಯಲ್ಲೋ ಇಂಟರ್ನ್‌ಶಿಪ್ ಬಯಸಿ, ಒಂದು ಪುಟದ ರೆಸ್ಯೂಮೆ ಹಿಡಿದು 'ಸ್ವಲ್ಪ ನೋಡಿಕೊಡಿ' ಎಂದು ಬರುತ್ತಾರೆ. ಬ್ಯಾಂಕುಗಳಲ್ಲಿ ದುಡಿದು ನಿವೃತ್ತರಾದ ನಾವು ಕನ್ನಡಕ ಏರಿಸಿ ಕೂರುತ್ತೇವೆ. ತಿದ್ದುವುದಾದರೂ ಏನನ್ನು? 'ಪರಿಚಯವಿದೆ' ಎಂಬುದನ್ನು 'ಪರಿಣತಿಯಿದೆ' ಎಂದು, 'ಜೊತೆಗಿದ್ದೆ' ಎಂಬುದನ್ನು 'ಮುನ್ನಡೆಸಿದೆ' ಎಂದು. ಇದನ್ನೇ ಸುಧಾರಣೆ ಎನ್ನುತ್ತ ಬಂದಿದ್ದೇವೆ. ಇದು ಸುಳ್ಳಿಗೆ ಹಾಕುವ ಇಸ್ತ್ರಿ ಎಂದು ಈಗಲಾದರೂ ಒಪ್ಪಿಕೊಳ್ಳಬೇಕು.

ಈ ರೆಸ್ಯೂಮೆಗಳಲ್ಲಿ ಒಂದು ಸಾಲು ತಪ್ಪುವುದೇ ಇಲ್ಲ: 'ಷೇರು ಬೆಲೆಯ ಮುನ್ಸೂಚನೆ, ನಿಖರತೆ ಶೇ. 95.' ನಾಳಿನ ಬೆಲೆ ಇಂದಿನದೇ ಎಂದುಬಿಡುವ ಪ್ರೋಗ್ರಾಮು ಕೂಡ ನಕ್ಷೆಯಲ್ಲಿ ನಿಜವಾದ ಗೆರೆಗೆ ಅಂಟಿಕೊಂಡೇ ಸಾಗುತ್ತದೆ; ದಿನದಿಂದ ದಿನಕ್ಕೆ ಬೆಲೆ ಸಾಮಾನ್ಯವಾಗಿ ತುಸುವೇ ಕದಲುವುದು. ಆ ತುಸು ಮೇಲಕ್ಕೋ ಕೆಳಕ್ಕೋ ಎಂಬುದೇ ವ್ಯಾಪಾರದ ಪ್ರಶ್ನೆ. ಆ ನಿಖರತೆ ಅದಕ್ಕೆ ಉತ್ತರಿಸುವುದಿಲ್ಲ. ದಲ್ಲಾಳಿ ಶುಲ್ಕವನ್ನೂ ವಹಿವಾಟು ತೆರಿಗೆಯನ್ನೂ ಕಳೆದೆಯಾ? ಮುಚ್ಚಿಹೋದ ಕಂಪನಿಗಳನ್ನು ಲೆಕ್ಕಕ್ಕೆ ಹಿಡಿದೆಯಾ? ಷೇರು ವಿಭಜನೆಯಾದ ದಿನ ಏನು ಮಾಡಿದೆ? ಒಂದು ಷೇರು ಐದಾದಾಗ ಬೆಲೆಯೂ ಐದರಲ್ಲೊಂದು ಪಾಲಿಗಿಳಿಯುತ್ತದೆ. ಸರಿಹೊಂದಿಸದ ಅಂಕಿಅಂಶಗಳಲ್ಲಿ ಅದು ಶೇ. 80ರ ಕುಸಿತವಾಗಿ ಕಾಣುತ್ತದೆ. ಸಂದರ್ಶಕರು ಇಷ್ಟು ಕೇಳಿದರೆ ಮಕ್ಕಳು ತಡವರಿಸುತ್ತಾರೆ. ಆ ತಡವರಿಕೆಗೆ ನಾವೂ ಹೊಣೆ.

'ಮೊದಲ ಜರಡಿ ಹಿಡಿಯುವುದು ಯಂತ್ರ. ತಕ್ಕ ಪದಗಳಿಲ್ಲದಿದ್ದರೆ ಬಾಗಿಲೇ ತೆರೆಯದು' ಎಂಬ ವಾದವಿದೆ. ಇದರಲ್ಲಿ ನಿಜವಿಲ್ಲದಿಲ್ಲ. ಪೈಥಾನ್, ಎಸ್‌ಕ್ಯೂಎಲ್, ಎಕ್ಸೆಲ್ ಬಲ್ಲವರು ಅವನ್ನು ಎದ್ದು ಕಾಣುವಂತೆ ಬರೆಯಲಿ. ಆದರೆ ಜರಡಿಯ ಆಚೆ ಕುಳಿತಿರುವುದು ಮನುಷ್ಯ, ಅದೂ ದುಡ್ಡಿನ ಲೆಕ್ಕದಲ್ಲಿ ಪಳಗಿದ ಮನುಷ್ಯ. ಉತ್ಪ್ರೇಕ್ಷೆಯನ್ನು ಪತ್ತೆಹಚ್ಚುವುದೇ ಅವನ ಕಸುಬು.

ನಮ್ಮ ತಪ್ಪು ಇಷ್ಟಕ್ಕೇ ನಿಲ್ಲುವುದಿಲ್ಲ. ಇಲ್ಲದ್ದನ್ನು ಸೇರಿಸಿದಂತೆಯೇ ಇದ್ದದ್ದನ್ನೂ ಅಳಿಸಿದ್ದೇವೆ. ಹಿಂದೊಮ್ಮೆ ಬಂದ ಹುಡುಗಿಯ ತಂದೆಯದು ಉಪನಗರದಲ್ಲೊಂದು ಸಣ್ಣ ಹೋಟೆಲು. ತಿಂಗಳ ಗಿರಾಕಿಗಳ ಉದ್ರಿ ಲೆಕ್ಕಕ್ಕೆ ಅವಳೇ ಪ್ರೋಗ್ರಾಮು ಬರೆದಿದ್ದಳು. 0.1ಕ್ಕೆ 0.2 ಕೂಡಿಸಿದರೆ ಕಂಪ್ಯೂಟರು 0.3ಕ್ಕಿಂತ ಕೂದಲೆಳೆಯಷ್ಟು ಹೆಚ್ಚು ತೋರಿಸುವುದನ್ನು ಕಂಡು, ಜಿಎಸ್‌ಟಿ ಸೇರಿದ ಬಿಲ್ಲಿನಲ್ಲಿ ಪೈಸೆಯೂ ತಪ್ಪಬಾರದೆಂದು ಹಣವನ್ನೆಲ್ಲ ಪೈಸೆಗಳ ಪೂರ್ಣಾಂಕಗಳಲ್ಲೇ ಇಟ್ಟಿದ್ದಳು. 'ಹೋಟೆಲಿನ ಮಾತು ಇಲ್ಲಿ ಯಾಕಮ್ಮಾ? ತೆಗೆದುಬಿಡು' ಎಂದೆವು. ಅವಳು ತೆಗೆದಳು. ಆ ಪುಟದಲ್ಲಿ ಹಣಕಾಸಿನ ಅರಿವು ನಿಜವಾಗಿ ಇದ್ದುದು ಆ ಒಂದೇ ಸಾಲಿನಲ್ಲಿ.

ಯಾರು ಹಾಗೆಂದದ್ದು? ಕರಾವಳಿಯಿಂದ ಬಂದ ನಾವು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ, 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆಬಾಗಿಲಿನಲ್ಲೇ ಸಂಗ್ರಹಿಸಿತು. ಅಂಥ ಪುಡಿ ಲೆಕ್ಕಗಳಿಂದ ಬ್ಯಾಂಕು ಕಟ್ಟಿದ ಊರಿನವರಿಗೆ ಹೋಟೆಲಿನ ಉದ್ರಿ ಪುಸ್ತಕ ನಾಚಿಕೆಯ ವಸ್ತುವಾದದ್ದು ಯಾವಾಗಿನಿಂದ?

ಇನ್ನು ಮುಂದೆ ಪುಟ ಕೈಗೆ ಬಂದಾಗ ಪ್ರತಿಯೊಂದು ಸಾಲಿಗೂ ಒಂದೇ ಪ್ರಶ್ನೆ ಕೇಳೋಣ: 'ಇದರ ಬಗ್ಗೆ ಹತ್ತು ನಿಮಿಷ ಮಾತಾಡಬಲ್ಲೆಯಾ?' ಆಗದೆಂದರೆ ಅಳಿಸೋಣ. ಎಂಟು ಪ್ರಾಜೆಕ್ಟುಗಳಲ್ಲಿ ಒಂದೇ ಉಳಿದರೂ ಚಿಂತೆಯಿಲ್ಲ. 'ಖರ್ಚು ಕಳೆದ ಮೇಲೆ ಲಾಭ ಉಳಿಯಲಿಲ್ಲ, ಕಾರಣ ಇದು' ಎಂದು ಬರೆಯುವ ಧೈರ್ಯವನ್ನು ಮಕ್ಕಳಿಗೆ ಕೊಡೋಣ. ಅದಕ್ಕೂ ಮೊದಲು ಆ ಹುಡುಗಿಗೆ ಒಂದು ಫೋನು ಮಾಡಿ, ನಾವು ಅಳಿಸಿದ ಸಾಲನ್ನು ಮರಳಿ ಬರೆಯಲು ಹೇಳೋಣ.