ಹಳೆಯ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡು

ನಮ್ಮ ವಾಚಕರಲ್ಲಿ ಒಬ್ಬ ಗೃಹಿಣಿಯರು ಹೀಗೆ ಬರೆದು ಕೇಳಿರುತ್ತಾರೆ: ಮನೆಯಲ್ಲಿರುವುದು ಕಛೇರಿಯೊಂದರ ಹರಾಜಿನಲ್ಲಿ ಕೊಂಡ ಡೆಲ್ ಆಪ್ಟಿಪ್ಲೆಕ್ಸ್ ೯೦೨೦, ನಿಲುವು ಪೆಟ್ಟಿಗೆಯದು. ವಾಸ್ತುಶಿಲ್ಪವನ್ನು ಅಭ್ಯಾಸಮಾಡುತ್ತಿರುವ ಮಗಳಿಗೆ ಬ್ಲೆಂಡರ್ ತಂತ್ರಾಂಶವು ಅದರಲ್ಲಿ ತೆವಳುತ್ತದೆ. ಚೀಟಿಯ ಹಣ ಕೈಗೆ ಬಂದಿದೆ. ಅಂಗಡಿಯವರು ದೊಡ್ಡ ಕಾರ್ಡೊಂದನ್ನು ತೋರಿಸಿ, ವಿದ್ಯುತ್ತಿಗೆ ಅಡಾಪ್ಟರೊಂದನ್ನು ಸಿಕ್ಕಿಸಿದರಾಯಿತು ಎಂದಿದ್ದಾರೆ. ಕೊಳ್ಳಬಹುದೆ?

ಕೊಳ್ಳಕೂಡದು. ಕಾರಣವನ್ನು ಹೇಳುವೆವು.

೨೦೧೩ರಲ್ಲಿ ಹೊರಟ ಈ ಯಂತ್ರದ ನಿಲುವು ಪೆಟ್ಟಿಗೆಯಲ್ಲಿ ವಿದ್ಯುತ್ತನ್ನು ಒದಗಿಸುವ ಘಟಕದ ಶಕ್ತಿ ೨೯೦ ವ್ಯಾಟು ಮಾತ್ರ. ಕಾರ್ಡು ಕುಳಿತುಕೊಳ್ಳುವ ಸ್ಲಾಟಿನಿಂದ ಅದಕ್ಕೆ ದೊರೆಯತಕ್ಕದ್ದು ಹೆಚ್ಚೆಂದರೆ ೭೫ ವ್ಯಾಟು. ಅದಕ್ಕೂ ಮೀರಿ ಬೇಕೆನ್ನುವ ಕಾರ್ಡಿಗೆ ಬೇರೆ ತಂತಿಯೇ ಬೇಕು: ಆರು ಪಿನ್ನಿನದಾದರೆ ಇನ್ನೂ ೭೫, ಎಂಟು ಪಿನ್ನಿನದಾದರೆ ೧೫೦ ವ್ಯಾಟು. ಅಂಥ ತಂತಿ ಇಲ್ಲದ ಕಡೆ ಅಂಗಡಿಯವರು ಹೇಳುವ ಅಡಾಪ್ಟರು ಡಿಸ್ಕಿಗೆಂದು ಇಟ್ಟ ಸಾಟಾ ತಂತಿಯಿಂದ ವಿದ್ಯುತ್ತನ್ನು ಸೆಳೆಯುತ್ತದೆ. ಆ ತಂತಿಯ ತುದಿ ತಾಳುವುದು ೫೪ ವ್ಯಾಟು. ಅದರಿಂದ ೭೫ನ್ನು ಎಳೆದರೆ ಬಿಸಿಯೇರಿ ಕರಗುವುದುಂಟು, ಹೊತ್ತಿಕೊಳ್ಳುವುದೂ ಉಂಟು. ರೆಂಡರಿಂಗಿಗೆ ಹಚ್ಚಿಟ್ಟು ರಾತ್ರಿ ಮನೆಮಂದಿಯೆಲ್ಲ ಮಲಗುವ ಯಂತ್ರವಿದು ಎಂಬುದನ್ನು ತಾಯಂದಿರು ಮರೆಯಬಾರದು. ವಿದ್ಯುತ್ ಘಟಕವನ್ನೇ ಬದಲಿಸೋಣವೆಂದರೆ, ಈ ಮಾದರಿಯ ಮದರ್‌ಬೋರ್ಡಿಗೆ ಪೇಟೆಯ ೨೪ ಪಿನ್ನಿನ ತಂತಿ ನೇರವಾಗಿ ಹೊಂದುವುದಿಲ್ಲ.

ಅಲಂಕಾರಶಾಸ್ತ್ರವನ್ನು ಪಾಠ ಹೇಳಿದ ನಮಗೆ ಇಲ್ಲಿ ಔಚಿತ್ಯವೆಂಬ ಮಾತು ನೆನಪಾಗುತ್ತದೆ. ಅಂಗಡಿಯವರಿಗೆ ಅದು ರುಚಿಸಲಾರದು.

ಹಾಗಾದರೆ ಉಚಿತವಾದುದು ಯಾವುದು? ೨೦೨೪ರಲ್ಲಿ ಬಂದ ಎನ್‌ವಿಡಿಯಾದವರ ಆರ್‌ಟಿಎಕ್ಸ್ ೩೦೫೦, ೬ ಜಿಬಿಯದು. ಇದು ೭೦ ವ್ಯಾಟಿನಲ್ಲಿ ತೃಪ್ತವಾಗುತ್ತದೆ, ಬೇರೆ ತಂತಿಯನ್ನು ಬೇಡುವುದಿಲ್ಲ. ಆದರೆ ಇದೇ ಹೆಸರಿನ ೮ ಜಿಬಿಯ ಕಾರ್ಡೂ ಉಂಟು. ಅದಕ್ಕೆ ತಂತಿ ಬೇಕೇ ಬೇಕು. ಹೆಸರೊಂದೇ, ಸ್ವಭಾವ ಬೇರೆ. ಪೆಟ್ಟಿಗೆಯ ಮೇಲಿನ ಅಂಕೆಯನ್ನು ಓದಿಯೇ ಹಣವನ್ನು ಕೊಡತಕ್ಕದ್ದು. ಅಗ್ಗಕ್ಕೆ ಸಿಕ್ಕುವ ಹಳೆಯ ಜಿಟಿಎಕ್ಸ್ ೧೦೫೦ ಟಿಐ ಬೇಡ. ಅದರ ಪೀಳಿಗೆಗೆ ಹೊಸ ಡ್ರೈವರುಗಳು ೨೦೨೫ರ ಅಕ್ಟೋಬರಿಗೆ ನಿಂತು, ಭದ್ರತೆಯ ತಿದ್ದುಪಡಿಗಳಷ್ಟೇ ಉಳಿದಿವೆ. ಆಟಕ್ಕಾದರೆ ಹಳೆಯ ಪ್ರೊಸೆಸರು ಅಡ್ಡಬರುವುದೆಂದು ಸಂದೇಹಿಸಬಹುದಾಗಿತ್ತು. ಬ್ಲೆಂಡರಿನ ರೆಂಡರಿಂಗಿನಲ್ಲಿ ಹೊರೆಯ ಬಹುಭಾಗವನ್ನು ಕಾರ್ಡೇ ಹೊರುತ್ತದೆ. ಹಾಗೆ ಹೊರುವಂತೆ ತಂತ್ರಾಂಶದ ಆಯ್ಕೆಗಳಲ್ಲಿ ಒಮ್ಮೆ ಸೂಚಿಸಬೇಕು, ಅಷ್ಟೆ.

ಕೊಳ್ಳುವ ಮುನ್ನ ಪೆಟ್ಟಿಗೆಯ ಪಕ್ಕವನ್ನು ತೆಗೆದು, ಸ್ಲಾಟಿನಿಂದ ಎದುರಿಗೆ ಎಷ್ಟು ಅಂಗುಲ ತೆರವಿದೆಯೆಂದು ಟೇಪಿನಿಂದ ಅಳೆಯಿರಿ. ಇದೇ ೯೦೨೦ರ ಕಿರಿದಾದ ಪೆಟ್ಟಿಗೆಯುಳ್ಳವರಿಗೆ ಅರ್ಧ ಎತ್ತರದ ಕಾರ್ಡಲ್ಲದೆ ಬೇರೆ ಹಿಡಿಯದು. ಪರದೆ ಹಳೆಯದಾಗಿ ವಿಜಿಎ ತಂತಿಯೊಂದನ್ನೇ ಬಲ್ಲದಾದರೆ ಪರಿವರ್ತಕವೊಂದು ಬೇಕಾಗುವುದು, ಹೊಸ ಕಾರ್ಡುಗಳಲ್ಲಿ ಆ ಕಿಂಡಿಯೇ ಇಲ್ಲ. ಕಾರ್ಡನ್ನು ಕೂರಿಸಿದ ಮೇಲೆ ಪರದೆಯ ತಂತಿಯನ್ನು ಹಳೆಯ ಕಿಂಡಿಯಲ್ಲೇ ಬಿಟ್ಟು, ಏನೂ ಬದಲಾಗಲಿಲ್ಲವೆಂದು ದೂರುವವರು ಬಹಳ ಮಂದಿ.

ಮೆಮೊರಿ ೪ ಜಿಬಿಯಷ್ಟೇ ಇದ್ದರೆ ಮೊದಲ ವೆಚ್ಚ ಅದಕ್ಕಾಗಲಿ, ಕಾರ್ಡು ಮುಂದಿನ ತಿಂಗಳಿಗೆ ಕಾಯಲಿ. ಈ ಯಂತ್ರ ೩೨ ಜಿಬಿಯವರೆಗೆ ಹಿಡಿಯುತ್ತದೆ. ವಿಂಡೋಸ್ ೧೦ರ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಮುಗಿದುಹೋಯಿತು, ಈ ಪ್ರೊಸೆಸರನ್ನು ವಿಂಡೋಸ್ ೧೧ ಅಂಗೀಕರಿಸಿಲ್ಲ. ಬ್ಲೆಂಡರು ಲಿನಕ್ಸಿನಲ್ಲಿಯೂ ನಡೆಯುವುದರಿಂದ ಮಗಳ ವ್ಯಾಸಂಗಕ್ಕೆ ತೊಡಕಾಗದು. ಆದರೆ ಕಾಲೇಜಿನವರು ಕಡ್ಡಾಯಮಾಡಿರುವ ಬೇರೆ ತಂತ್ರಾಂಶವೇನಾದರೂ ಇದೆಯೆ ಎಂದು ಆಕೆಯನ್ನೇ ಮೊದಲು ಕೇಳಿರಿ. ಇದ್ದು, ಅದು ವಿಂಡೋಸ್ ೧೧ನ್ನೇ ಬೇಡುವುದಾದರೆ, ಚೀಟಿಯ ಹಣವನ್ನು ಮುಟ್ಟದೆ ಇನ್ನಷ್ಟು ಕೂಡಿಸಿ ಬೇರೆ ಯಂತ್ರವನ್ನೇ ನೋಡುವುದು ಲೇಸು. ಇಲ್ಲವಾದರೆ ಈ ಕಾರ್ಡನ್ನು ಧೈರ್ಯವಾಗಿ ಕೊಳ್ಳಬಹುದು. ನಾಳೆ ಹೊಸ ನಿಲುವು ಪೆಟ್ಟಿಗೆ ಬಂದಾಗ ಅದನ್ನು ಕಿತ್ತು ಅಲ್ಲಿ ಕೂರಿಸಿಕೊಳ್ಳಲಡ್ಡಿಯಿಲ್ಲ.