ಬಂದರು ಕಟ್ಟುವ ಮುಂಚೆ ದಡವನ್ನು ಓದಿ

ಗ್ರೇಟ್ ನಿಕೋಬಾರಿನ ಗ್ಯಾಲತಿಯಾ ಕೊಲ್ಲಿಯಲ್ಲಿ ಭಾರೀ ಬಂದರು ಕಟ್ಟುವ ಯೋಜನೆಗೆ 2022ರಲ್ಲಿ ಪರಿಸರ ಅನುಮತಿ ಸಿಕ್ಕಿತು. ಕಾಡು ಹೋಗುತ್ತದೆ, ಅಲ್ಲಿನ ಮೂಲನಿವಾಸಿ ಶೋಂಪೆನ್ ಜನರ ಗತಿಯೇನು, ಮೊಟ್ಟೆಯಿಡಲು ಬರುವ ಕಡಲಾಮೆ ಎಲ್ಲಿಗೆ ಹೋಗಬೇಕು ಎಂದು ಅಂದಿನಿಂದ ವಾದ ನಡೆದೇ ಇದೆ. ಎಲ್ಲವೂ ದೊಡ್ಡ ಪ್ರಶ್ನೆಗಳೇ. ಆದರೆ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತನಾದ ನನಗೆ ಮೊದಲು ಹೊಳೆಯುವ ಪ್ರಶ್ನೆ ಬೇರೆ. ಅಲ್ಲಿ ದಕ್ಕೆಯನ್ನು ಯಾವ ಮಟ್ಟಕ್ಕೆ ಕಟ್ಟುತ್ತೀರಿ?

ಸಮುದ್ರ ಏರುತ್ತದೆ, ಇಳಿಯುತ್ತದೆ. ನೆಲ ಮಾತ್ರ ಇದ್ದಲ್ಲೇ ಇರುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಈ ನಂಬಿಕೆಗೆ ಮೊದಲು ಪೆಟ್ಟು ಕೊಟ್ಟವರಲ್ಲಿ ಮರಿಯಾ ಗ್ರಹಾಂ ಒಬ್ಬಳು. ನಮ್ಮ ದೇಶವನ್ನೂ ಸುತ್ತಿ, 1812ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ ಇಂಗ್ಲಿಷ್ ಹೆಂಗಸು. ಹಡಗಿನ ಕಪ್ತಾನನಾಗಿದ್ದ ಗಂಡ ಕೇಪ್ ಹಾರ್ನ್ ಹತ್ತಿರ ತೀರಿಕೊಂಡ ಮೇಲೆ ಊರಿಗೆ ಮರಳದೆ ಚಿಲಿಯಲ್ಲೇ ಉಳಿದಳು. 1822ರ ನವೆಂಬರ್ 19ರ ರಾತ್ರಿ ಅಲ್ಲಿ ಭೂಕಂಪವಾಯಿತು. ಆಮೇಲೆ ತೀರಕ್ಕೆ ಹೋಗಿ ನೋಡಿದರೆ ಕಡಲ ತಳವೇ ಒಣಗಿ ಬಿದ್ದಿತ್ತು. ಪಚ್ಚಿಲೆಗಳು ಬೆಳೆದ ಬಂಡೆಗೇ ಅಂಟಿಕೊಂಡಿದ್ದವು, ಸತ್ತ ಮೀನುಗಳ ನಾತ ಬೇರೆ. ನೆಲ ಮೂರು ನಾಲ್ಕು ಅಡಿ ಎದ್ದಿದೆ ಎಂದು ಆಕೆ ಅಂದಾಜು ಮಾಡಿದಳು.

ನನಗೆ ಹೆಚ್ಚು ಮೆಚ್ಚುಗೆಯಾಗುವುದು ಆಕೆ ಅಷ್ಟಕ್ಕೇ ನಿಲ್ಲದೆ ಹಿಂದಿರುಗಿ ದಿಬ್ಬದ ಕಡೆ ನೋಡಿದ್ದು. ಅಲ್ಲಿ ಕಡಲಿಗೆ ಸಮಾನಾಂತರವಾಗಿ, ಒಂದರ ಮೇಲೊಂದು ಮೆಟ್ಟಿಲಿನಂತೆ, ಚಿಪ್ಪು ಬೆರೆತ ಉರುಟುಗಲ್ಲಿನ ಸಾಲುಗಳಿದ್ದವು. ಕಡಲಿನಿಂದ ಐವತ್ತು ಅಡಿ ಎತ್ತರದವರೆಗೂ ಇದ್ದವು. ಒಂದೊಂದು ಸಾಲೂ ಒಂದು ಕಾಲದ ದಡ. ಇಂಥದ್ದು ಹಿಂದೆಯೂ ಆಗಿದೆ ಎಂದು ಬರೆದಳು. ಲಂಡನ್ನಿನ ಭೂವಿಜ್ಞಾನ ಸಂಘ ಅದನ್ನು ಅಚ್ಚು ಹಾಕಿತು. ಅಚ್ಚಾಗಿ ಹತ್ತು ವರ್ಷದ ಮೇಲೆ, 1834ರಲ್ಲಿ, ಅದೇ ಸಂಘದ ಅಧ್ಯಕ್ಷ ಗ್ರೀನೋ ತುಂಬಿದ ಸಭೆಯಲ್ಲಿ ಆಕೆಯ ಮಾತನ್ನು ತಳ್ಳಿಹಾಕಿದ. ಆಕೆ ಸುಮ್ಮನಿರಲಿಲ್ಲ, ಅಚ್ಚಿನಲ್ಲೇ ಉತ್ತರ ಕೊಟ್ಟಳು. ಮರುವರ್ಷ ಫೆಬ್ರವರಿಯಲ್ಲಿ ಚಿಲಿ ಮತ್ತೆ ನಡುಗಿತು. ಡಾರ್ವಿನ್ ಪ್ರಯಾಣಿಸುತ್ತಿದ್ದ ಬೀಗಲ್ ಹಡಗಿನ ಕಪ್ತಾನ ಫಿಟ್ಜ್‌ರಾಯ್, ಸಾಂತಾ ಮರಿಯಾ ದ್ವೀಪದಲ್ಲಿ ಉಬ್ಬರದ ಗೆರೆಗಿಂತ ಹತ್ತು ಅಡಿ ಮೇಲೆ ಬಂಡೆಗಂಟಿದ ಪಚ್ಚಿಲೆಗಳನ್ನು ಕಂಡ. ಅಧ್ಯಕ್ಷರ ವಾದ ಅಲ್ಲಿಗೆ ಮುಗಿಯಿತು.

ಚಿಪ್ಪು ಕಂಡಲ್ಲೆಲ್ಲ ಹಳೆಯ ದಡ ಎನ್ನುವಂತಿಲ್ಲ, ನಿಜ. ಅಂಡಮಾನಿನಲ್ಲೇ ಮೂಲನಿವಾಸಿಗಳು ತಿಂದು ಎಸೆದ ಚಿಪ್ಪಿನ ದೊಡ್ಡ ಗುಡ್ಡೆಗಳಿವೆ. ಅವುಗಳಲ್ಲಿ ಮೂಳೆ, ಬೂದಿ, ಮಡಕೆ ಚೂರು ಸಿಗುತ್ತವೆ. ಬಿರುಗಾಳಿ ಎಸೆದ ಚಿಪ್ಪು ಒಡೆದು ಚೆಲ್ಲಾಪಿಲ್ಲಿಯಾಗಿರುತ್ತದೆ. ಎರಡೂ ಹೋಳು ಕೂಡಿಕೊಂಡೇ, ಬದುಕಿದ್ದ ಭಂಗಿಯಲ್ಲೇ ಬಂಡೆಯಲ್ಲಿದ್ದರೆ, ಪಕ್ಕದಲ್ಲಿ ಅಲೆ ಉಜ್ಜಿ ನುಣುಪಾದ ಕಲ್ಲುಗಳ ಪದರವಿದ್ದರೆ, ಅದೇ ಎತ್ತರದಲ್ಲಿ ಉದ್ದಕ್ಕೂ ಸಾಗಿದ್ದರೆ ಮಾತ್ರ ದಡ ಎನ್ನಬಹುದು. ಆಮೇಲೂ ಒಂದು ಅನುಮಾನ ಉಳಿಯುತ್ತದೆ: ನೆಲ ಏರಿತೋ, ಕಡಲು ಇಳಿಯಿತೋ?

ಇದಕ್ಕೆ 2004ರ ಡಿಸೆಂಬರ್ 26ರ ಭೂಕಂಪಕ್ಕಿಂತ ಒಳ್ಳೆಯ ಉತ್ತರ ನಮಗೆ ಬೇಕಿಲ್ಲ. ಸುನಾಮಿಯ ನೆನಪಿನಲ್ಲಿ ಅಂದಿನ ನೆಲದ ಏರಿಳಿತ ಮುಚ್ಚಿಹೋಯಿತು. ಅಂದು ಉತ್ತರ ಅಂಡಮಾನಿನ ಪಶ್ಚಿಮ ತೀರ ಒಂದು ಮೀಟರಿಗೂ ಹೆಚ್ಚು ಎದ್ದಿತು. ಹವಳದ ದಂಡೆಗಳು ನೀರಿನಿಂದ ಹೊರಬಿದ್ದು ಸತ್ತವು. ಪೋರ್ಟ್ ಬ್ಲೇರ್ ಸುಮಾರು ಒಂದು ಮೀಟರ್ ಕುಸಿಯಿತು, ಸಿಪ್ಪಿಘಾಟಿನ ಗದ್ದೆಗಳಿಗೆ ಉಪ್ಪುನೀರು ನುಗ್ಗಿ ನಿಂತಿತು. ಗ್ರೇಟ್ ನಿಕೋಬಾರಿನ ತುದಿಯಲ್ಲಿರುವ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ಇಳಿದು, ದೀಪಸ್ತಂಭದ ಬುಡ ನೀರಿಗೆ ಸೇರಿತು. ಒಂದೇ ಕಡಲು ಒಂದೇ ದಿನ ಒಂದು ಕಡೆ ಇಳಿದು ಇನ್ನೊಂದು ಕಡೆ ಏರಲಾರದು. ಭಾರತದ ಭೂಫಲಕ ಆ ದ್ವೀಪಗಳ ಅಡಿಗೆ ನುಗ್ಗುತ್ತಾ ಮೇಲಿನ ಅಂಚನ್ನು ಶತಮಾನಗಟ್ಟಲೆ ಬಗ್ಗಿಸಿಕೊಂಡು ಬರುತ್ತದೆ; ಬಿಗಿ ಕಳಚಿದ ಕ್ಷಣ ಅಂಚು ಮೇಲೇಳುತ್ತದೆ, ಅದರ ಹಿಂದಿನ ನೆಲ ಕೂರುತ್ತದೆ.

ಗ್ಯಾಲತಿಯಾ ಕೊಲ್ಲಿ ಇರುವುದು ಆ ಕೂತ ನೆಲದ ಮೇಲೆ, ಇಂದಿರಾ ಪಾಯಿಂಟಿನ ಪಕ್ಕದಲ್ಲೇ.

ಭೂಕಂಪ ತಾಳುವ ಕಟ್ಟಡ ಕಟ್ಟಬಹುದಲ್ಲ ಎನ್ನುತ್ತಾರೆ. ಕಟ್ಟಬಹುದು. ಆದರೆ ನಡುಕ ತಾಳಿಕೊಂಡ ದಕ್ಕೆ ನೀರಿನ ಅಡಿಯಲ್ಲಿದ್ದರೆ ಏನು ಪ್ರಯೋಜನ? ನೆಲ ಎದ್ದರೂ ಕಷ್ಟವೇ: 1964ರ ಅಲಾಸ್ಕಾ ಭೂಕಂಪದಲ್ಲಿ ಕೊರ್ಡೋವಾ ಬಂದರು ಸುಮಾರು ಎರಡು ಮೀಟರ್ ಮೇಲೆದ್ದು, ಇಳಿತದಲ್ಲಿ ದೋಣಿಗಳಿಗೆ ನೀರೇ ಇಲ್ಲವಾಯಿತು. ನಮ್ಮ ಕರಾವಳಿ ನಿಯಂತ್ರಣದ ನಕ್ಷೆಗಳೋ, ಉಬ್ಬರದ ಗೆರೆ ಕಲ್ಲಿನಲ್ಲಿ ಕೊರೆದದ್ದು ಎಂಬಂತೆ ಅಲ್ಲಿಂದಲೇ ಮೀಟರ್ ಎಣಿಸುತ್ತವೆ.

ಓದುವವರು ನಮ್ಮಲ್ಲಿಲ್ಲ ಎಂದಲ್ಲ. ಭೂವಿಜ್ಞಾನಿಗಳಾದ ಕುಸಲಾ ರಾಜೇಂದ್ರನ್ ಮತ್ತು ಸಿ.ಪಿ. ರಾಜೇಂದ್ರನ್ 2004ರ ಏರಿಳಿತವನ್ನು ಆ ದ್ವೀಪಗಳಲ್ಲೇ ಅಳೆದು, ಹಳೆಯ ಭೂಕಂಪಗಳ ಗುರುತುಗಳನ್ನೂ ಹುಡುಕಿದವರು. ಆ ಕೆಲಸ ಗ್ಯಾಲತಿಯಾದ ಹಿಂದಿನ ಜೌಗಿನಲ್ಲಿ, ಉರುಟುಗಲ್ಲಿನ ಪದರಗಳಲ್ಲಿ, ಸತ್ತ ಹವಳದಲ್ಲಿ ಗೇಣುಗೇಣಾಗಿ ನಡೆಯಲಿ. ಆ ನೆಲ ಎಷ್ಟು ಸಲ ಕೂತಿದೆ, ಎಷ್ಟು ಕಾಲಕ್ಕೆ ಎಷ್ಟು ಮೇಲೆ ಬಂದಿದೆ ಎಂಬ ವರದಿಯನ್ನು ಮೊದಲ ಕಂಬ ಇಳಿಸುವ ಮುಂಚೆಯೇ ಸಾರ್ವಜನಿಕರ ಮುಂದಿಡಲಿ.