ವಾಸಿಯಾದ ಮೇಲೂ ಮಾತ್ರೆ ಯಾಕೆ?

ಕಳೆದ ತಿಂಗಳು ಊರಿಗೆ ಹೋದಾಗ ಗೊತ್ತಾಯ್ತು, ಚಿಕ್ಕಪ್ಪ ಎರಡು ತಿಂಗಳಿಂದ ಮಾತ್ರೆ ನಿಲ್ಲಿಸಿದ್ದಾರೆ! ಅವರಿಗಿರೋದು ಸಿಎಂಎಲ್ ಅನ್ನೋ ರಕ್ತದ ಕ್ಯಾನ್ಸರ್. ಮೂರು ವರ್ಷದಿಂದ ದಿನಾ ಇಮ್ಯಾಟಿನಿಬ್ ನುಂಗ್ತಿದ್ದರು. "ರಿಪೋರ್ಟ್ ನಾರ್ಮಲ್ ಬಂತಲ್ಲೋ, ವಾಸಿಯಾದ ಮೇಲೂ ಯಾಕೆ?" ಅಂದರು. ಬೈಯೋಕೆ ಮನಸ್ಸಾಗಲಿಲ್ಲ. ಆ ಮಾತ್ರೆ ಒಳಗೆ ಹೋಗಿ ಏನು ಮಾಡುತ್ತೆ ಅಂತ ಇಷ್ಟು ದಿನದಲ್ಲಿ ಅವರಿಗೆ ಯಾರೂ ಕನ್ನಡದಲ್ಲಿ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ ಬಿಡಿ.

ನಮ್ಮ ಜೀವಕೋಶಗಳು ನಡೆಯೋದೇ ಸಿಗ್ನಲ್‌ಗಳ ಮೇಲೆ. ಬೆಳೆ, ನಿಲ್ಲು, ಸಾಯಿ ಅನ್ನೋ ಸಂದೇಶಗಳನ್ನ ಒಂದು ಪ್ರೋಟೀನ್ ಇನ್ನೊಂದಕ್ಕೆ ದಾಟಿಸುತ್ತೆ. ಎಬಿಎಲ್ ಅಂಥದ್ದೊಂದು. ಎಟಿಪಿಯಿಂದ ಫಾಸ್ಫೇಟ್ ಕಿತ್ತು ಬೇರೆ ಪ್ರೋಟೀನಿಗೆ ಅಂಟಿಸೋದು ಅದರ ಕೆಲಸ. ಮಾಮೂಲಿಯಾಗಿ ಅದು ಆಫ್ ಆಗೇ ಇರುತ್ತೆ, ಬೇಕಾದಾಗ ಮಾತ್ರ ಆನ್. ಸಿಎಂಎಲ್‌ನಲ್ಲಿ 9ನೇ ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ, ಎಬಿಎಲ್ ಜೀನು ಬಿಸಿಆರ್ ಅನ್ನೋ ಇನ್ನೊಂದರ ಜೊತೆ ಅಂಟಿಕೊಳ್ಳುತ್ತೆ. ಆಮೇಲೆ ಅದಕ್ಕೆ ಆಫೇ ಇಲ್ಲ. ಬೆಳೆ, ಬೆಳೆ, ಬೆಳೆ... ಬ್ರೇಕ್ ಹಾಕೋದು ಮರೆತ ಲೂಪ್! ವಿಚಿತ್ರವಾಗಿ ಕಾಣೋ ಆ ಕ್ರೋಮೋಸೋಮನ್ನ ಫಿಲಡೆಲ್ಫಿಯಾದಲ್ಲಿ ಗುರುತಿಸಿದ್ದು 1960ರಲ್ಲಿ, ಅದು ಅದಲುಬದಲು ಅಂತ ಜಾನೆಟ್ ರೌಲಿ ತೋರಿಸಿದ್ದು 1973ರಲ್ಲಿ. ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಗೋ ಹೊತ್ತಿಗೆ 2001.

ಇಮ್ಯಾಟಿನಿಬ್ ಮಾಡೋದಿಷ್ಟೇ: ಎಟಿಪಿ ಕೂರೋ ಜಾಗದಲ್ಲಿ ತಾನು ಹೋಗಿ ಕೂತು ಬಾಯಿ ಮುಚ್ಚಿಸುತ್ತೆ. ಜೀನು ರಿಪೇರಿಯಾಗಲ್ಲ. ನಮ್ಮ ಭಾಷೇಲಿ, ಬಗ್ ಹಾಗೇ ಇದೆ, ಇದು ವರ್ಕ್‌ಅರೌಂಡ್. ಕೆಲವರು ನಿಲ್ಲಿಸಬಹುದು, ನಿಜ. ಆದರೆ ವರ್ಷಗಟ್ಟಲೆ ಪರೀಕ್ಷೆಯಲ್ಲಿ ರೋಗದ ಸುಳಿವು ಸಿಗದೇ ಇದ್ದು, ಡಾಕ್ಟರ್ ಹೇಳಿ, ನಿಲ್ಲಿಸಿದ ಮೇಲೂ ಮತ್ತೆ ಮತ್ತೆ ರಕ್ತ ಪರೀಕ್ಷೆ ಮಾಡಿಸ್ತಾ. ಹಾಗಿದ್ದೂ ಹೆಚ್ಚುಕಡಿಮೆ ಅರ್ಧ ಜನಕ್ಕೆ ರೋಗ ಮರಳುತ್ತೆ.

ಅದಕ್ಕೇ ನನಗೆ ಈ "ಕ್ಯಾನ್ಸರ್ ಗೆದ್ದವರು" ಅನ್ನೋ ಹೆಡ್ಡಿಂಗ್‌ಗಳ ಮೇಲೆ ಸಿಟ್ಟು. ಯುದ್ಧ ಗೆದ್ದ ಮೇಲೆ ಬಂದೂಕು ಕೆಳಗಿಡ್ತಾರೆ ತಾನೆ? ಚಿಕ್ಕಪ್ಪನೂ ಅದನ್ನೇ ಮಾಡಿದ್ದು. ಡಾಕ್ಟರಿಗೆ ಟೈಮಿಲ್ಲ ಅಂತೀರಿ, ಒಪ್ಪಿದೆ, ಹೊರಗೆ ಅಷ್ಟುದ್ದ ಕ್ಯೂ ಇರುತ್ತೆ. ಮಾತ್ರೆ ಪಟ್ಟಿ ಜೊತೆ ಕನ್ನಡದಲ್ಲಿ ಒಂದು ಚೀಟಿ ಕೊಡೋಕೂ ಆಗಲ್ವಾ? 2013ರಲ್ಲಿ ನಮ್ಮ ಸುಪ್ರೀಂ ಕೋರ್ಟು ನೊವಾರ್ಟಿಸ್ ಕಂಪನಿಗೆ ಈ ಔಷಧಿಯ ಪೇಟೆಂಟ್ ನಿರಾಕರಿಸಿತು, ಇಲ್ಲಿನ ಕಂಪನಿಗಳ ಅಗ್ಗದ ಮಾತ್ರೆ ಉಳಿಯಿತು. ಕೈಗೆಟುಕೋ ಮಾತ್ರೆಯನ್ನ ಎರಡು ವಾಕ್ಯ ಹೇಳದೇ ಕಳ್ಕೊಳ್ಳೋದಾ?

ಇಷ್ಟನ್ನೂ ಅವತ್ತು ರಾತ್ರಿ ಚಿಕ್ಕಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಪಂಪ್‌ಸೆಟ್ ಸ್ಟಾರ್ಟರ್ ಥರ ಅನ್ನು, ಅಂಟಿಕೊಂಡು ಬಿಟ್ಟಿದೆ, ಬೆರಳಲ್ಲಿ ಒತ್ತಿ ಹಿಡಿದಿರಬೇಕು" ಅಂದರು. ಮೂರು ದಿನ ಬಿಟ್ಟು ಡಾಕ್ಟರ್ ಹತ್ತಿರ ಹೋಗಿ ಮತ್ತೆ ಶುರು ಮಾಡಿದ್ದಾಯ್ತು. ರಿಪೋರ್ಟ್ ಮುಂದಿನ ವಾರ ಬರುತ್ತೆ.